ಕೆನ್ನೆಗೆ ಹಚ್ಚಿದ ಎಣ್ಣೆ

ಹೊಳೆಯುತ್ತಿದೆ, ಎಡಗೆನ್ನೆ, ಕಿಟಕಿಯ ಬಿಸಿಲು ಬಿದ್ದಲ್ಲಿ ಎಣ್ಣೆ ಹೊಳೆಯುತ್ತಿದೆ, ಅಲ್ಲಿಂದಲೇ ಟೇಪು ಜಾರಿತು, ಟೇಪಿನ ಜೊತೆ ಗಂಟಲಿನ ಕೊಳವೆಯೂ ಹೊರಬಂತು, ಹತ್ತೊಂಬತ್ತು ದಿನ ಕೂಸು ಮಕೆರೆಟಾಗೆ ಉಸಿರು ಕೊಟ್ಟ ಕೊಳವೆ ಈಗ ಸುಮ್ಮನೆ ಹಾಸಿಗೆಯ ಮೇಲೆ ಬಿದ್ದಿದೆ — ಯಂತ್ರದ್ದು ನಿಮಿಷಕ್ಕೆ ಇಪ್ಪತ್ತು ಉಸಿರು, ಉಳಿದದ್ದು ಅವಳದೇ, ದಿನಕ್ಕೆ ಎರಡೆರಡು ಇಳಿಸುತ್ತ ಬಂದಿದ್ದೆವು, ಗುರುವಾರ ತೆಗೆಯೋಣ ಎಂದಿದ್ದರು ಡಾಕ್ಟರ್ ಶಾಲ್ವಿನ್, ಇವತ್ತಿನ್ನೂ ಮಂಗಳವಾರ, ಎರಡು ಸಲ ತೆಗೆದು, ಸೋತು, ಮತ್ತೆ ಹಾಕಿದ್ದೇವೆ, ಮೂರನೇ ಸಲ ಆ ಪುಟ್ಟ ಗಂಟಲು ತಡೆದುಕೊಂಡೀತೇ, ಟೇಪ್ ಅಂಟಿಸಿದ್ದು ಯಾರು ಸಿಸ್ಟರ್ ವಸಿತಿ, ನಾನೇ ಡಾಕ್ಟ್ರೇ, ಅಷ್ಟೇ ಹೇಳಿದೆ, ಹೇಡಿ ನಾನು, ಸರಿ, ಎಂದರು, ಮೂಗಿಗೆ ಗಾಳಿ ಕೊಡು, ಹತ್ತು ನಿಮಿಷ ನೋಡೋಣ, ಉಸಿರು ತಪ್ಪಿದ್ರೆ ಮತ್ತೆ ಕೊಳವೆ ಹಾಕೋದೇ.

ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ಏಳುತ್ತಿದೆ, ಉಸಿರು ಎಣಿಸುತ್ತಿದ್ದೇನೆ, ಮೂವತ್ತೆಂಟು, ಮೂವತ್ತೊಂಬತ್ತು — ಬೆಳಿಗ್ಗೆ ಇವಳ ಅಜ್ಜಿ, ನಾವೆಲ್ಲ ಬುಬು ಅನ್ನುವ ಮುದುಕಿ, ಕಂಡಾವು ದ್ವೀಪದಿಂದ ಸುವಾ ಪಟ್ಟಣದವರೆಗೆ ದೋಣಿಯಲ್ಲಿ ತಂದ ಸೀಸೆ ತೆಗೆದರು, ನೋಡೇ ಮಗಳೇ, ಕೂಸಿನ ಚರ್ಮ ಒಣಗಿ ಸಿಪ್ಪೆ ಏಳ್ತಿದೆ, ನನ್ನ ಏಳು ಮಕ್ಳೂ ಈ ಕೊಬ್ಬರಿ ಎಣ್ಣೇಲೇ ದೊಡ್ಡವಾದ್ವು, ನಿಂಗೇನು ನಿಮ್ಮಮ್ಮ ಸೀಮೆಎಣ್ಣೆ ಹಚ್ಚಿದ್ಲಾ, ನಕ್ಕುಬಿಟ್ಟೆ, ಹಿರಿಯರಿಗೆ ಬೇಡ ಅನ್ನುವ ನಾಲಿಗೆ ನಮಗೆಲ್ಲಿದೆ, ಕಾಲಿಗೆ ಮಾತ್ರ ಬುಬು, ಒಂದೇ ಬೆರಳು, ಎಂದೆ, ಪಕ್ಕದ ಮಗುವಿನ ಯಂತ್ರ ಕೂಗಿತು, ಅತ್ತ ತಿರುಗಿದೆ, ಇತ್ತ ಬರುವಷ್ಟರಲ್ಲಿ ಕೆನ್ನೆಗೂ — ಉಸಿರು ನಿಂತಿತು. ಹೊಟ್ಟೆಯ ಏರಿಳಿತ ನಿಂತಿತು, ಐದು ಸೆಕೆಂಡು, ಆರು, ಉಸಿರಾಡೇ ನನ್ನವ್ವ, ಅಂಗಾಲು ಉಜ್ಜುತ್ತೇನೆ, ಅಲ್ಲೂ ಎಣ್ಣೆ, ಬೆರಳು ಜಾರುತ್ತದೆ, ಹನ್ನೆರಡು, ತುಟಿ ನೀಲಿ, ಎಣ್ಣೆ ಡಾಕ್ಟ್ರೇ, ಹಚ್ಚಿದ್ದು ಬುಬು, ಬಿಟ್ಟಿದ್ದು ನಾನು, ಅದೆಲ್ಲ ಆಮೇಲೆ, ಉಜ್ಜು, ನಿಲ್ಲಿಸ್ಬೇಡ, ಅವರ ಕೈಗೆ ಹೊಸ ಕೊಳವೆ ಬಂತು, ಹದಿನೇಳು, ಒಂದೇ ಒಂದು ಉಸಿರು ಕಣೇ, ಒಂದೇ — ಬಾಯಿ ತೆರೆಯಿತು, ಹತ್ತೊಂಬತ್ತು ದಿನವೂ ತೆರೆಯುತ್ತಿತ್ತು ಆ ಬಾಯಿ, ಕೊಳವೆ ಕಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿತ್ತು, ಈಗ ಅಲ್ಲಿಂದ ತುಕ್ಕು ಹಿಡಿದ ಬಾಗಿಲಿನಂಥ ಒಂದು ದನಿ, ಗಾಜಿನಾಚೆ ಬುಬು ಎದ್ದು ನಿಂತರು, ಯಾರ ಕೂಸೇ ಅದು ಅಳ್ತಿರೋದು, ನಿಮ್ಮದೇ ಬುಬು, ಎನ್ನುತ್ತೇನೆ ಅಂಗಾಲು ಬಿಡದೆ, ಡಾಕ್ಟರ್ ಕೊಳವೆ ಕೆಳಗಿಟ್ಟಿಲ್ಲ, ಹತ್ತರಲ್ಲಿ ಇನ್ನೂ ಆರು ನಿಮಿಷ, ಎಣಿಕೆ ತಪ್ಪಿಹೋಯಿತು, ಕೆನ್ನೆಯನ್ನೇ ನೋಡುತ್ತಿದ್ದೇನೆ, ಅಳುವಿಗೆ ನಡುಗುವ ಕೆನ್ನೆ, ಬಿಸಿಲು, ಆ ಎಣ್ಣೆ, ನಡುಗುತ್ತ ಹೊಳೆಯುತ್ತಿದೆ, ಹೊಳೆಯುತ್ತಿದೆ