ತುಪ್ಪಳದ ಟೊಪ್ಪಿಯ ಜಗ್

ಶೋಕೇಸಿನಲ್ಲಿ ಜಗ್ ಇರಲಿಲ್ಲ. ಬೀಟ್ರಿಸ್ ಆಂಟಿ ಏನೂ ಕೇಳದೆ ನನ್ನ ಪೆಟ್ಟಿಗೆ ತೆರೆದು ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದರು. ಅವರು ನನ್ನ ಅಮ್ಮನ ತಂಗಿ. ಶಾಲೆ ಬಿಟ್ಟು ಮನೆಯಲ್ಲಿದ್ದ ನನ್ನನ್ನು ತಮ್ಮ ಮಗು ನೋಡಿಕೊಳ್ಳಲು ಗಲ್ಫಿನ ಅಲ್ ಗುಬ್ರಾದ ಈ ಫ್ಲಾಟಿಗೆ ಕರೆಸಿಕೊಂಡಿದ್ದರು.

ಆ ಪಿಂಗಾಣಿ ಜಗ್ ಎಂದರೆ ಒಬ್ಬ ಗಂಡಸಿನ ಮುಖ. ತಲೆಗೆ ತುಪ್ಪಳದ ಟೊಪ್ಪಿ, ಹಿಡಿಯ ಜಾಗದಲ್ಲಿ ಬಂದೂಕು. ಅಮೆರಿಕದ ಗಡಿ ಕಾಡುಗಳಲ್ಲಿ ಕರಡಿ ಹೊಡೆದು ಜನರ ಕಥೆಗಳಲ್ಲಿ ವೀರನಾದವನಂತೆ. ತಮ್ಮ ದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಇಂಜಿನಿಯರೊಬ್ಬರು ಮನೆ ಸಾಮಾನು ಮಾರಿದಾಗ ಆಂಟಿಯ ಗಂಡ ಸಿಪ್ರಿಯನ್ ಅಂಕಲ್ ಮತ್ತು ಅವರ ತಮ್ಮ ಜೂಲಿಯನ್ ಪಾಲು ಹಾಕಿ ಕೊಂಡದ್ದು. ಅಂಥದ್ದು ತೀರ ಅಪರೂಪವೆಂದು ಆಮೇಲೆ ತಿಳಿಯಿತು. ಜಗ್ ಕಾಣೆಯಾದದ್ದು ತಿಳಿದ ಆ ದಿನವೇ ಸಂಜೆ, ಕೊಳ್ಳುವವರನ್ನು ಜೂಲಿಯನ್ ಸೊಹಾರ್ ಪಟ್ಟಣದಿಂದ ಕರೆತರುವವನಿದ್ದ.

ಅಂಕಲ್ ನನ್ನನ್ನು ಬಯ್ಯಲಿಲ್ಲ. ನಿನ್ನೆ ಶುಕ್ರವಾರ ಚರ್ಚಿನ ಬಲಿಪೂಜೆಗೆ ತಾವು ಹೋದಾಗ ಮಗುವಿನೊಡನೆ ಮನೆಯಲ್ಲಿದ್ದವಳು ಇವಳೊಬ್ಬಳೇ ಎಂದಷ್ಟೇ ಹೇಳಿ, ಮೊಬೈಲಿನಲ್ಲಿ ನನಗೆ ನಾಳೆಯ ಟಿಕೆಟ್ ಹುಡುಕತೊಡಗಿದರು. ಕಳ್ಳಿ ಎನಿಸಿಕೊಂಡು ಊರಲ್ಲಿ ಹೇಗೆ ಇಳಿಯಲಿ?

ನಾನು ಅವರನ್ನೇ ನೋಡುತ್ತಿದ್ದೆ. ಅಷ್ಟು ಬೆಲೆಯ ವಸ್ತು ಹೋಗಿದೆ, ಅವರು ಸೋಫಾದ ಕೆಳಗೂ ಬಗ್ಗಿ ನೋಡಿರಲಿಲ್ಲ. ಹಿಂದಿನ ದಿನ ಬಲಿಪೂಜೆಯಿಂದ ಬಂದ ಮೇಲೆ ಮಾತ್ರ, ಎಂದೂ ಮನೆಕೆಲಸ ಮುಟ್ಟದವರು, ಊರಿಗೆ ಕಳಿಸುವ ಕಾರ್ಗೋ ಕಾರ್ಟನ್ನಿಗೆ ತಾವೇ ಟೇಪ್ ಸುತ್ತಿದ್ದರು.

ಬೆಲ್ ಆಯಿತು. ಊರಿಗೆ ಸಾಮಾನು ಸಾಗಿಸುವ ಕಾರ್ಗೋ ಕಂಪನಿಯ ಮುಹಿಯುದ್ದೀನ್ ಬಂದಿದ್ದ. ಬರುವಾಗೆಲ್ಲ ಮಾಡುವಂತೆ, ಭಾರ ನೋಡಲು ಕಾರ್ಟನ್ನನ್ನು ಒಂದು ಮಗ್ಗುಲಿಗೆ ವಾಲಿಸಿದ.

“ಮೆಲ್ಲ ಮಾರಾಯ, ಮಗುಚಬೇಡ,” ಎಂದರು ಅಂಕಲ್.

ಮುಹಿಯುದ್ದೀನ್ ನಕ್ಕ. “ಎಂತ ಸಾರ್, ಒಳಗೆ ಮೊಟ್ಟೆ ಉಂಟಾ?”

ಆ ಕಾರ್ಟನ್ ತುಂಬಿದವರು ಆಂಟಿ ಮತ್ತು ನಾನು. ಕಂಬಳಿ, ಸಾಬೂನು, ಹಾಲಿನ ಪುಡಿಯ ಡಬ್ಬಿ. ನಾನು ಆಂಟಿಯ ಕಡೆ ತಿರುಗಿದೆ.

“ಆಂಟಿ, ಅದ್ರಲ್ಲಿ ಒಡೆಯುವಂಥದ್ದು ನಾವು ಏನೂ ಹಾಕ್ಲಿಲ್ಲ ಅಲ್ವಾ?”

ಆಂಟಿ ಅಂಕಲ್ ಮುಖ ನೋಡಿದರು. ಒಳಗೆ ಹೋಗಿ ಮೀನು ಕೊಯ್ಯುವ ಚೂರಿ ತಂದರು. ಟೇಪ್ ಹಾಕಿ ಆಯ್ತಲ್ಲ, ಯಾಕೆ ಸುಮ್ಮನೆ ಎಂದು ಅಂಕಲ್ ಅಡ್ಡ ಬಂದರು. ಆಂಟಿ ಕೊಯ್ದೇ ಬಿಟ್ಟರು. ಎರಡನೇ ಕಂಬಳಿಯ ಮಡಿಕೆಯಲ್ಲಿ ತುಪ್ಪಳದ ಟೊಪ್ಪಿ ಕಂಡಿತು.

“ಇವಳೇ ತುರುಕಿರಬೇಕು,” ಎಂದರು ಅಂಕಲ್.

“ಹಾಗಾದ್ರೆ ಮೆಲ್ಲ ಅಂತ ನೀವು ಹೇಳಿದ್ದು ಯಾಕೆ? ತಮ್ಮನ ಪಾಲು ನುಂಗ್ಲಿಕ್ಕೆ ನನ್ನ ಅಕ್ಕನ ಮಗಳನ್ನೇ ಕಳ್ಳಿ ಮಾಡ್ಬೇಕಾಯ್ತಾ?”

ಮುಹಿಯುದ್ದೀನ್ ಆಮೇಲೆ ಬರುತ್ತೇನೆಂದು ಮೆಟ್ಟಿಲಿಳಿದ. ನಾಳೆ ಇವಳು ಎಲ್ಲಿಗೂ ಹೋಗುವುದಿಲ್ಲ ಎಂದು ಆಂಟಿ ಗೋಡೆಗೆ ಹೇಳಿದಂತೆ ಹೇಳಿದರು.

ನಾನು ಉಳಿದೆ. ಆದರೆ ಅಂಕಲ್ ಒಬ್ಬರೇ ಇರುವ ಕೋಣೆಗೆ ಇವತ್ತಿಗೂ ಹೋಗುವುದಿಲ್ಲ. ಅಲ್ಲಿ ನೆಲ ಒರೆಸಬೇಕಾದರೆ, ಮತ್ತೆ ಏನಾದರೂ ಕಾಣೆಯಾದರೆ ಸಾಕ್ಷಿ ಇರಲೆಂದು, ಆಂಟಿಯನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತೇನೆ.