ಶಿವಲಕ್ಷ್ಮಿ ಕೊಟ್ಟ ಹೇಳಿಕೆ

ಉಮ್ಮತ್ತೂರಿನ ಚಿಕ್ಕಬಸವಯ್ಯನಿಗೆ ಚಾಮರಾಜನಗರದ ಅರಿಸಿನ ಮಂಡಿಯಲ್ಲಿ ಮೂಟೆ ತೂಗಿಸುವ ಕೆಲಸ. ಅವನ ಒಬ್ಬಳೇ ಮಗಳು ಶಿವಲಕ್ಷ್ಮಿ ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬಂದಾಗ ಊರಿನವರು ಅದನ್ನು ಟೈಪಿಂಗ್ ಥರದ ಇನ್ನೊಂದು ಕಲಿಕೆ ಎಂದುಕೊಂಡರು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಂದು ತಿಳಿದ ಮೇಲೆ ಕೆಲವರು ನಕ್ಕರು. ತಾಯಿ ಮೂಗಮ್ಮ ಮಾತ್ರ ನಗಲಿಲ್ಲ. "ಮದ್ವೆ ಮಾಡ್ಕೊಳೋನು ಏನಂದಾನು ಅಂತೀನಿ" ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದಳು.

ಶಿವಲಕ್ಷ್ಮಿಗೆ ಬೇಕಿದ್ದದ್ದು ಸೂಪರ್‌ವೈಸರ್ ಪರ್ಮಿಟ್. ಅದು ಕೈಗೆ ಬಂದರೆ ಲೈನಿನ ಕೆಲಸವನ್ನು ತನ್ನ ಸಹಿಯಲ್ಲೇ ಮಾಡಿಸಬಹುದು, ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವಾಗಲೂ ಬಲ. ಆದರೆ ಅದಕ್ಕೆ ಮೊದಲು ಯಾರಾದರೂ ಗುತ್ತಿಗೆದಾರರ ಬಳಿ ಒಂದು ವರ್ಷ ದುಡಿದ ಸರ್ಟಿಫಿಕೇಟ್ ಬೇಕಿತ್ತು. ಏಳು ತಿಂಗಳು ಅಲೆದರೂ ಯಾರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಚಾಮರಾಜನಗರದ ಗುರುಪಾದಸ್ವಾಮಿ ಎಂಬ ಗುತ್ತಿಗೆದಾರ, ನಕ್ಷೆ ಬರೆಯಲು ಒಬ್ಬರು ಬೇಕೆಂದು ಕೆಲಸ ಕೊಟ್ಟ. ಎರಡು ತಿಂಗಳಲ್ಲಿ ಅವನ ಸೈಟ್ ಸೂಪರ್‌ವೈಸರ್ ಬಿಟ್ಟುಹೋದದ್ದರಿಂದ ಅವಳನ್ನೇ ಗುಂಡ್ಲುಪೇಟೆ ಕಡೆಯ ಪಂಪ್‌ಸೆಟ್ ಲೈನುಗಳಿಗೆ ಕಳಿಸಿದ.

ಅಲ್ಲಿ ಅವಳಿಗೆ ನಿಜವಾಗಿ ಕೆಲಸ ಕಲಿಸಿದವನು ಬೀರಯ್ಯ. ಇಪ್ಪತ್ತು ವರ್ಷದಿಂದ ಕಂಬ ಹತ್ತುತ್ತಿದ್ದವನು, ಗುಂಡ್ಲುಪೇಟೆಯವನೇ. ಮೊದಲ ವಾರ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ. ಒಂದು ದಿನ ಅವಳು ಸಲ್ವಾರಿನ ಮೇಲೆ ಅಪ್ಪನ ಹಳೇ ಅಂಗಿ ತೊಟ್ಟು, ಏಣಿ ಹಾಕಿಕೊಂಡು ಕಂಬದ ತುದಿಯವರೆಗೆ ಹತ್ತಿ ಇಳಿದಾಗ, "ನಿನ್ ಕಾಲು ನಡುಗ್ತಾ ಇತ್ತು ಕಣಮ್ಮಿ, ಆದ್ರೂ ಅತ್ಬುಟ್ಟೆ" ಎಂದ. ಅಂದಿನಿಂದ ಅವಳ ಪಾಠ ಶುರುವಾಯಿತು. ಯಾವ ತಂತಿ ಎಷ್ಟು ಜೋಲಬೇಕು, ಗಾಳಿಗೆ ಯಾವ ಕಂಬ ವಾಲುತ್ತದೆ, ಯಾವ ರೈತ ಕದ್ದು ವೈರು ಸಿಕ್ಕಿಸುತ್ತಾನೆ, ಎಲ್ಲವನ್ನೂ ಹೇಳಿಕೊಟ್ಟ. ಮಧ್ಯಾಹ್ನ ಅವನ ಹೆಂಡತಿ ದೊಡ್ಡಮಾದಮ್ಮ ಕಟ್ಟಿಕೊಟ್ಟ ಮುದ್ದೆಯಲ್ಲಿ ಅರ್ಧ ಇವಳಿಗೇ.

ಚಾಮರಾಜನಗರ ಹೊಸ ಜಿಲ್ಲೆಯಾದ ವರ್ಷ ಅದು, 1997. ಎಲ್ಲ ಕೆಲಸಗಳಿಗೂ ಅವಸರ. ಅಕ್ಟೋಬರಿನ ಒಂದು ಬೆಳಿಗ್ಗೆ, ಗುಂಡ್ಲುಪೇಟೆಯಿಂದ ಆರು ಮೈಲಿ ದೂರದ ಹಳ್ಳಿಯೊಂದರಲ್ಲಿ ಹಳೆಯ ತಂತಿ ಬಿಚ್ಚಿ ಹೊಸದು ಎಳೆಯಬೇಕಿತ್ತು. ಹನ್ನೆರಡು ಗಂಟೆಯೊಳಗೆ ಮುಗಿಸದಿದ್ದರೆ ಕೋಸು, ಬೀಟ್‌ರೂಟಿಗೆ ನೀರು ಹಾಯಿಸುವವರು ಜಗಳಕ್ಕೆ ಬರುತ್ತಾರೆಂದು ಗುರುಪಾದಸ್ವಾಮಿ ಹಿಂದಿನ ದಿನವೇ ಹೇಳಿದ್ದ. ಶಿವಲಕ್ಷ್ಮಿ ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸುಗಳನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದಳು. ಬೀರಯ್ಯ ಕಂಬದ ಬುಡದಲ್ಲಿ ಸೊಂಟದ ಪಟ್ಟಿ ಬಿಗಿಯುತ್ತಿದ್ದ.

"ಸರಪಳಿ ಎಲ್ಲಮ್ಮಿ?" ಎಂದು ಕೇಳಿದ.

ಕೆಲಸಕ್ಕೆ ಮೊದಲು ತಂತಿಗಳ ಮೇಲೆ ಎಸೆದು ನೆಲಕ್ಕೆ ಜೋಡಿಸುವ ಸರಪಳಿ ಅದು. ಎಲ್ಲಿಂದಾದರೂ ಕರೆಂಟ್ ನುಗ್ಗಿದರೂ ಮನುಷ್ಯನಿಗೆ ತಾಗದೆ ನೆಲಕ್ಕಿಳಿಯಲಿ ಎಂದು. ಬೆಳಿಗ್ಗೆ ಸಾಮಾನು ತುಂಬುವ ಗಡಿಬಿಡಿಯಲ್ಲಿ ಅದು ಗುಂಡ್ಲುಪೇಟೆಯ ಶೆಡ್ಡಿನಲ್ಲೇ ಉಳಿದಿತ್ತು. ಹೋಗಿ ತಂದರೆ ಒಂದೂವರೆ ಗಂಟೆ.

"ಶೆಡ್ಡಲ್ಲೇ ಉಳ್ಕೊಂಡ್ಬುಡ್ತು ಬೀರಣ್ಣ. ಮೂರೂ ಫ್ಯೂಸು ನನ್ ಕೈಯಲ್ಲೇ ಅವೆ, ನೋಡಿ. ಏನೂ ಆಗಲ್ಲ, ಹತ್ತಿ."

ಬೀರಯ್ಯ ಅವಳ ಕೈಯನ್ನು ನೋಡಿದ. ಆಮೇಲೆ ಹತ್ತಿದ.

ಅದೇ ಲೈನಿನ ಆ ಕೊನೆಯಲ್ಲಿ ಯಾರೋ ಒಬ್ಬ, ತನ್ನ ಮೋಟರು ನಿಲ್ಲಬಾರದೆಂದು ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಕದ್ದು ವೈರು ಎಳೆದು ಸಿಕ್ಕಿಸಿದ್ದ. ಆ ಕರೆಂಟು ಈ ತಂತಿಗೂ ಹರಿದಿತ್ತು. ಅದು ಅವರಿಗೆ ತಿಳಿದದ್ದು ಸಂಜೆ. ಬೀರಯ್ಯ ಬಲಗೈಯಲ್ಲಿ ತಂತಿ ಹಿಡಿದದ್ದೇ ಸೆಟೆದುಕೊಂಡ. ಸೊಂಟದ ಪಟ್ಟಿ ಕಿತ್ತುಹೋಗಿ ಕೆಳಗೆ ಬಿದ್ದ. ಉತ್ತ ಮಣ್ಣಿನ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ಶಿವಲಕ್ಷ್ಮಿ ಫ್ಯೂಸುಗಳನ್ನು ಎಲ್ಲಿ ಬಿಸಾಡಿದಳೋ ಅವಳಿಗೇ ನೆನಪಿಲ್ಲ. ಕೇರಳಕ್ಕೆ ತರಕಾರಿ ಒಯ್ಯಲು ಬಂದಿದ್ದ ಲಾರಿಯೊಂದನ್ನು ನಿಲ್ಲಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಗೆ ಬಂದಳು. ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ. ನಾಲ್ಕನೆಯ ದಿನ ಅವನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದರು.

ಗುರುಪಾದಸ್ವಾಮಿ ಆಸ್ಪತ್ರೆಯ ವರಾಂಡದಲ್ಲಿ ಅವಳನ್ನು ಪಕ್ಕಕ್ಕೆ ಕರೆದ. ಕೆಟ್ಟ ಮನುಷ್ಯನೇನಲ್ಲ ಅವನು, ಹೆದರಿದ್ದ.

"ನೋಡಮ್ಮ, ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಎನ್‌ಕ್ವೈರಿಗೆ ಬತ್ತಾರೆ. ಯಾರ್ನೂ ಕೇಳ್ದೆ ನಾನೇ ಅತ್ಬುಟ್ಟೆ ಅಂತ ಬೀರಯ್ಯ ಬರೆಸ್ಬುಟ್ಟವನೆ, ಎಬ್ಬೆಟ್ಟೂ ಒತ್ತವನೆ. ನೀನು ಅದುನ್ನೇ ಏಳು. ನಿನ್ ಸರ್ಟಿಫಿಕೇಟ್ಗೆ ಇನ್ನೊಂದು ತಿಂಗ್ಳು ತಾನೆ?"

"ನೀವು ಏಳಿಸಿದ್ದಾ ಸಾರ್?"

"ನಾನ್ಯಾಕೆ ಏಳಿಸ್ಲಿ? ಅವನೇ ಅಂದ. ಬೇಕಾದ್ರೆ ಕೇಳು ಓಗು."

ಅವಳು ಒಳಗೆ ಹೋದಳು. ಬೀರಯ್ಯ ಛಾವಣಿ ನೋಡುತ್ತ ಮಲಗಿದ್ದ. ದೊಡ್ಡಮಾದಮ್ಮ ಮಂಚದ ಕೆಳಗೆ ಕೂತಿದ್ದಳು.

"ಯಾಕ್ ಬೀರಣ್ಣ ಅಂಗ್ ಬರೆಸ್ದಿರಿ? ಹತ್ತಿ ಅಂದೋಳು ನಾನಲ್ವಾ?"

"ಸುಮ್ಕಿರಮ್ಮಿ. ಸರಪಳಿ ಇಲ್ಲ ಅಂತ ನಂಗೂ ಗೊತ್ತಿತ್ತು. ಚಿಕ್ಕ ಉಡುಗ್ನಾ ನಾನು, ನೀನ್ ಏಳ್ದೆ ಅಂತ ಅತ್ತಕೆ? ಕೈ ಓಯ್ತು. ನೀನು ಓದಿದ್ದೂ ಓಗ್ಬೇಕಾ?"

ದೊಡ್ಡಮಾದಮ್ಮ ತಲೆ ಎತ್ತಲಿಲ್ಲ. ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, "ಯಾರೂ ಏಳ್ದೆ ತಾನೇ ಕಂಬ ಅತ್ತುದೋನ್ಗೆ ಇನ್ಶೂರೆನ್ಸ್ ದುಡ್ಡೂ ಇಲ್ವಂತೆ" ಎಂದಳು.

ಆ ಮಾತು ಶಿವಲಕ್ಷ್ಮಿಯ ಜೊತೆ ಬಸ್ಸು ಹತ್ತಿತು, ಉಮ್ಮತ್ತೂರಿಗೂ ಬಂತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಎಷ್ಟೋ ಸಲ ತನ್ನಲ್ಲೇ ವಾದ ಮಾಡಿದಳು. ಕದ್ದು ವೈರು ಸಿಕ್ಕಿಸಿದವನದಲ್ಲವೇ ತಪ್ಪು? ಅವಸರ ಮಾಡಿದ ಗುರುಪಾದಸ್ವಾಮಿಯದಲ್ಲವೇ? ಎಲ್ಲ ನಿಜ. ಆದರೆ ಸರಪಳಿ ಇಲ್ಲವೆಂದು ಗೊತ್ತಿದ್ದೂ "ಹತ್ತಿ" ಎಂದ ಬಾಯಿ ಅವಳದೇ. ಇನ್ನೂ ನಾಚಿಕೆಯಾದದ್ದು ಇನ್ನೊಂದಕ್ಕೆ. ಬೀರಯ್ಯ ಹಾಗೆ ಬರೆಸಿದ್ದಾನೆಂದು ಕೇಳಿದ ಕ್ಷಣದಲ್ಲಿ ಅವಳಿಗೆ ಸಮಾಧಾನವಾಗಿತ್ತು.

ಮೂರನೆಯ ದಿನ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಚಿಕ್ಕಬಸವಯ್ಯ ಬಹಳ ಹೊತ್ತು ಬೀಡಿ ಹಚ್ಚದೆ ಬೆರಳಲ್ಲೇ ಹೊರಳಿಸುತ್ತಿದ್ದ.

"ಏಳುದ್ರೆ ಏನಾಯ್ತದೆ?"

"ಪರ್ಮಿಟ್ ಸಿಗಲ್ಲ. ಕೆಲಸಾನೂ ಓಯ್ತದೆ."

"ಏಳ್ದಿದ್ರೆ?"

ಅವಳು ಒಳಗೆ ಹೋಗಿ ಕಾಗದ, ಪೆನ್ನು ತಂದು ಬರೆಯಲು ಕೂತಳು. ಮರುದಿನ ಚಿಕ್ಕಬಸವಯ್ಯ ಮಂಡಿಗೆ ರಜೆ ಹೇಳಿ ಅವಳ ಜೊತೆ ಚಾಮರಾಜನಗರಕ್ಕೆ ಬಂದ.

ಮೈಸೂರಿನಿಂದ ಬಂದಿದ್ದ ವಿದ್ಯುತ್ ಪರಿವೀಕ್ಷಕರು ಪ್ರವಾಸಿ ಮಂದಿರದ ಒಂದು ಕೋಣೆಯಲ್ಲಿ ಕುಳಿತು ವಿಚಾರಣೆ ನಡೆಸುತ್ತಿದ್ದರು. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತ. ಅವಳು ಒಳಗೆ ಹೋಗಿ, ಮನೆಯಲ್ಲೇ ಬರೆದುಕೊಂಡು ಬಂದಿದ್ದ ಎರಡು ಪುಟಗಳನ್ನು ಮೇಜಿನ ಮೇಲಿಟ್ಟಳು. ಅವರು ನಿಧಾನವಾಗಿ ಓದಿದರು.

"ಗಾಯಾಳು ಬೇರೆ ಥರ ಹೇಳಿದ್ದಾರಲ್ಲಮ್ಮ."

"ನನ್ನನ್ನ ಉಳಿಸೋಕೆ ಹೇಳಿದ್ದಾರೆ ಸಾರ್. ಸರಪಳಿ ಎಲ್ಲಿ ಅಂತ ಅವರು ಕೇಳಿದ್ರು. ಏನೂ ಆಗಲ್ಲ ಹತ್ತಿ ಅಂತ ನಾನೇ ಹೇಳಿದ್ದು."

"ಇದಕ್ಕೆ ಸಹಿ ಹಾಕಿದರೆ ನಿಮ್ಮ ಅರ್ಜಿಯನ್ನ ನಾನು ಶಿಫಾರಸು ಮಾಡೋಕೆ ಆಗಲ್ಲ. ಕಡಿಮೆ ಅಂದರೂ ಎರಡು ವರ್ಷ."

ಅವಳು ಸಹಿ ಹಾಕಿದಳು. ಹೊರಗೆ ಬಂದಾಗ ಅಪ್ಪ ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸಿದ. ಅವಳು ತಟ್ಟೆಯ ಮುಂದೆ ಕೂತು ಅತ್ತಳು. ಅವನು ಬಾಗಿಲ ಕಡೆಗೆ ಬೆನ್ನು ಹಾಕಿ, ಬೇರೆಯವರಿಗೆ ಕಾಣದಂತೆ ಅಡ್ಡ ಕೂತ.

ಬೀರಯ್ಯನಿಗೆ ಇನ್ಶೂರೆನ್ಸಿನ ಹಣ ಎಂಟು ತಿಂಗಳಿಗೆ ಬಂತು. ಗುರುಪಾದಸ್ವಾಮಿ ಶಿವಲಕ್ಷ್ಮಿಯನ್ನು ಆ ವಾರವೇ ಬಿಡಿಸಿದ್ದ, ಸರ್ಟಿಫಿಕೇಟ್ ಕೊಡಲಿಲ್ಲ. ಬೀರಯ್ಯನೂ ಅವಳ ಮೇಲೆ ಸಿಟ್ಟಾಗಿದ್ದ. ನೋಡಲು ಹೋದರೆ, "ನನ್ ಮಾತ್ನ ಸುಳ್ಳು ಮಾಡ್ಬುಟ್ಟೆ" ಎಂದು ಗೋಡೆಯ ಕಡೆ ತಿರುಗಿದ. ತಾನು ಮಾಡಿದ ದೊಡ್ಡ ಉಪಕಾರವನ್ನು ಅವಳು ಬೇಡವೆಂದು ಹಿಂದಿರುಗಿಸಿದಂತೆ ಅವನಿಗೆ ಅನಿಸಿರಬೇಕು.

ಅವಳು ಗುಂಡ್ಲುಪೇಟೆಯಲ್ಲಿ ರಾಜಣ್ಣನ ಮೋಟರ್ ರಿವೈಂಡಿಂಗ್ ಅಂಗಡಿಗೆ ಸೇರಿದಳು. ಸುಟ್ಟ ಪಂಪುಗಳ ತಾಮ್ರದ ಸುರುಳಿ ಬಿಚ್ಚುವುದು, ಹೊಸದು ಸುತ್ತುವುದು. ವಾರ್ನಿಷಿನ ವಾಸನೆ ಕೂದಲಿನಿಂದ ಹೋಗುತ್ತಿರಲಿಲ್ಲ. ಎರಡು ಸಂಬಂಧಗಳು ಬಂದು ತಿರುಗಿ ಹೋದವು. ಕೆಲಸ ಬಿಡು ಎಂದು ಮೂಗಮ್ಮ ಹೇಳಿದಾಗೆಲ್ಲ ಬಿಡಬೇಕೆಂದೇ ಅವಳಿಗೂ ಅನಿಸುತ್ತಿತ್ತು. ಬೆಳಿಗ್ಗೆ ಮತ್ತೆ ಬಸ್ಸು ಹತ್ತುತ್ತಿದ್ದಳು. ರಾಜಣ್ಣನಿಗೆ ಲೈನಿನ ಲೈಸೆನ್ಸೂ ಇದ್ದುದರಿಂದ ಅವನ ಹೆಸರಿನಲ್ಲಿ ಒಂದು ವರ್ಷದ ಅನುಭವ ದಕ್ಕಿತು. 1999ರ ಡಿಸೆಂಬರಿನಲ್ಲಿ ಪರ್ಮಿಟ್ ಬಂತು.

ಆ ಲಕೋಟೆ ಸಿಕ್ಕ ಮರುದಿನ ಬೀರಯ್ಯನೇ ಹೇಳಿಕಳಿಸಿದ. ಅವಳು ಹೆದರಿಕೊಂಡೇ ಅವನ ಮನೆಗೆ ಹೋದಳು. ಅವನ ಕೂದಲು ಬೆಳ್ಳಗಾಗಿತ್ತು. ಬಲಗೈಯನ್ನು ಟವೆಲಿನೊಳಗೆ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದ.

"ಮೀನಾ ಎಸ್ಸೆಸ್ಸೆಲ್ಸಿ ಅಲ್ವಾ? ಮುಂದಕ್ಕೆ ನಿನ್ನಂಗೇ ಎಲೆಕ್ಟ್ರಿಕಲ್ ಓದ್ತೀನಿ ಅಂತ ಅಟ ಇಡ್ದವಳೆ" ಎಂದ. ಮೀನಾ ಅವನ ಮಗಳು. "ನಾನ್ ಏಳುದ್ರೆ ಕೇಳಲ್ಲ. ನೀನ್ ಏಳು, ಬ್ಯಾಡ ಅಂತ."

ಮೀನಾ ಒಳಗೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಶಿವಲಕ್ಷ್ಮಿಯನ್ನು ಕಂಡು ಎದ್ದು ಚಾಪೆ ಹಾಸಿದಳು. ಅವಳೇ ಮೊದಲು ಕೇಳಿದಳು:

"ಅಪ್ಪನ ಕೈ ಓದ್ಮೇಲೂ ನೀವ್ಯಾಕಕ್ಕ ಇದನ್ನ ಬುಡ್ನಿಲ್ಲ?"

ಶಿವಲಕ್ಷ್ಮಿ ಚಾಪೆಯ ಮೇಲೆ ಕೂತಳು. "ಬುಟ್ಟಿದ್ರೂ ನಿಮ್ಮಪ್ಪನ ಕೈ ವಾಪಸ್ ಬತ್ತಿರ್ಲಿಲ್ಲ ಮೀನಾ. ಅದು ವಾಸಿಯಾಗಲ್ಲ. ನಂಗೆ ಈ ಕೆಲಸ ಇಷ್ಟ. ಹೆದ್ರಿಕೇನೂ ಅದೆ. ಅವತ್ತಿಂದ ಇವತ್ತಿನವರ್ಗೂ ಅದೆ."

ಆಮೇಲೆ ಅವಳು ಆ ಬೆಳಿಗ್ಗೆ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಕೊನೆಯಲ್ಲಿ ಮೀನಾ, ಡಿಪ್ಲೊಮಾದ ಅರ್ಜಿ ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದಳು. ಶಿವಲಕ್ಷ್ಮಿ ಹೇಳಿದಳು.

ಹೊರಗೆ ಬಂದಾಗ ಬೀರಯ್ಯ ಅವಳ ಮುಖ ನೋಡಿದ.

"ಏಳ್ದ್ಯಾ?"

"ಇಲ್ಲ ಬೀರಣ್ಣ. ಏಳಕ್ಕಾಗ್ನಿಲ್ಲ."

ಅವನು ರಸ್ತೆಯ ಕಡೆ ನೋಡಿದ. ಒಳಗಿನಿಂದ ದೊಡ್ಡಮಾದಮ್ಮ ಎರಡು ಲೋಟ ಟೀ ತಂದು ಇಬ್ಬರ ನಡುವೆ ಇಟ್ಟು ಹೋದಳು.

"ಕುಡ್ದು ಒರಡು" ಎಂದ ಬೀರಯ್ಯ. "ಉಮ್ಮತ್ತೂರ್ ಕಡೆ ಬಸ್ಸು ತಪ್ಪೋಯ್ತದೆ."