ಅಟ್ಟದ ಕಾಗದ, ದೇವರಮನೆಯ ಕಾಗದ

ಸರ್ವಮಂಗಳಮ್ಮನ ಲೆಕ್ಕದಲ್ಲಿ ಈ ಪ್ರಪಂಚದ ಕಾಗದಗಳು ಎರಡೇ ಜಾತಿ. ಒಂದು ಶುಭದ್ದು, ಇನ್ನೊಂದು ಅಶುಭದ್ದು. ಲಗ್ನಪತ್ರಿಕೆ, ಜಾತಕ, ತೋಟದ ಕ್ರಯಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ಇವೆಲ್ಲ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿಕೊಂಡು ದೇವರಮನೆಯ ಮರದ ಪೆಟ್ಟಿಗೆಗೆ ಸೇರುತ್ತಿದ್ದವು. ಮಾವನವರ ಮರಣ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ದಾಯಾದಿಗಳ ನೋಟೀಸು, ಸತ್ತ ಹಸುವಿನ ಇನ್ಶೂರೆನ್ಸು ಇವಕ್ಕೆ ಹಿತ್ತಲ ಕೊಟ್ಟಿಗೆಯ ಅಟ್ಟವೇ ಗತಿ. ಕೊಬ್ಬರಿಯಾಗಲೆಂದು ಹಾಕಿದ ಕಾಯಿಗಳ ನಡುವೆ ಅಲ್ಲೊಂದು ತಗಡಿನ ಟ್ರಂಕಿತ್ತು. ಕಡಬದ ಆ ಮನೆಯಲ್ಲಿ ಈ ಕಾನೂನು ಸರ್ವಮಂಗಳಮ್ಮ ಸೊಸೆಯಾಗಿ ಬಂದಂದಿನಿಂದಲೂ ನಡೆದಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಫೇಲಾಗಿದ್ದರೆ ಅದು ಯಾವ ಕಡೆಗೆ ಎಂದು ಯಾರೂ ಕೇಳಿರಲಿಲ್ಲ.

ಹಾಗಾಗಿ ಆರು ವರ್ಷದ ಹಿಂದೆ ಮಗಳು ದಾಕ್ಷಾಯಣಿಯ ವಿಚ್ಛೇದನದ ಆದೇಶ ಕುಣಿಗಲ್ ಕೋರ್ಟಿನಿಂದ ಕೈಗೆ ಬಂದಾಗ ಅದರ ಜಾಗದ ಬಗ್ಗೆ ಚರ್ಚೆಯೇ ಆಗಲಿಲ್ಲ. "ಆ ದರಿದ್ರದ್ದನ್ನ ಹೊಸ್ಲು ದಾಟಿಸ್ಬೇಡಿ, ಹಂಗೇ ಅಟ್ಟಕ್ಕೆ ಹಾಕಿ" ಎಂದು ಸರ್ವಮಂಗಳಮ್ಮ ಬಾಗಿಲಲ್ಲೇ ಹೇಳಿದ್ದರು. ದಾಕ್ಷಾಯಣಿಯೂ ಒಪ್ಪಿದ್ದಳು. ತುಮಕೂರಿನಲ್ಲಿ ಮನೆಯಿಂದ ಮನೆಗೆ ಬಾಡಿಗೆಗೆ ಅಲೆಯುವವಳು ಒರಿಜಿನಲ್ಲನ್ನು ಎಲ್ಲಿ ಕಾಪಾಡಿಯಾಳು? ಒಂದು ಜೆರಾಕ್ಸ್ ಇಟ್ಟುಕೊಂಡಳು, ಸಾಕೆಂದುಕೊಂಡಳು.

ಸಾಲಲಿಲ್ಲ. ಪಿಯುಸಿ ಓದುವ ಅವಳ ಮಗಳು ಭೂಮಿಕಾ ಖೋ ಖೋ ತಂಡಕ್ಕೆ ಆಯ್ಕೆಯಾಗಿ, ಶ್ರೀಲಂಕಾಕ್ಕೆ ಹೋಗುವ ಯೋಗ ಬಂತು. ಹದಿನೆಂಟು ತುಂಬದ ಹುಡುಗಿಗೆ ಪಾಸ್‌ಪೋರ್ಟ್ ಬೇಕಾದರೆ ಅಪ್ಪ ಅಮ್ಮ ಇಬ್ಬರ ಸಹಿ ಬೇಕು. ಇಲ್ಲವೇ, ಮಗು ತಾಯಿಯ ಸುಪರ್ದಿಗೆ ಎಂದು ಬರೆದ ಕೋರ್ಟಿನ ಆದೇಶ ತೋರಿಸಬೇಕು, ಅದೂ ಒರಿಜಿನಲ್. ಅಪಾಯಿಂಟ್‌ಮೆಂಟು ಸೋಮವಾರಕ್ಕೆ ಸಿಕ್ಕಿತ್ತು. ಕೋರ್ಟಿಗೆ ಹೊಸದಾಗಿ ಅರ್ಜಿ ಹಾಕಿದರೆ ಹಳೇ ಫೈಲು ಹುಡುಕಿ ನಕಲು ಕೊಡುವುದಕ್ಕೆ ತಿಂಗಳಾದರೂ ಬೇಕು ಎಂದು ವಕೀಲರು ಕೈಚೆಲ್ಲಿದರು. ಅಷ್ಟರಲ್ಲಿ ತಂಡದ ವಿಮಾನ ಹಾರಿರುತ್ತಿತ್ತು.

ಶನಿವಾರ ಮಧ್ಯಾಹ್ನ ದಾಕ್ಷಾಯಣಿ ಕಡಬಕ್ಕೆ ಬಂದು ಸೀದಾ ಅಟ್ಟ ಹತ್ತಿದಳು. ಕಾಲಿಟ್ಟಲ್ಲೆಲ್ಲ ಕಾಯಿ ಉರುಳುತ್ತಿದ್ದವು. ಟ್ರಂಕಿನಲ್ಲಿ ತಾತ ಸಿಕ್ಕರು, ಹಸು ಸಿಕ್ಕಿತು, ದಾಯಾದಿಗಳೆಲ್ಲ ಸಿಕ್ಕರು, ತನ್ನ ವಿಚ್ಛೇದನ ಮಾತ್ರ ಸಿಗಲಿಲ್ಲ. ನರ್ಸಿಂಗ್ ಕಾಲೇಜೊಂದರ ಆಫೀಸಿನಲ್ಲಿ ಕೂತು ಊರಿನ ಮಕ್ಕಳ ದಾಖಲೆಗಳನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಡುವವಳು ಅವಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ.

"ಅಲ್ಲೇ ಇರ್ಬೇಕು ಕಣೇ, ಎಲ್ಲಿಗ್ ಹೋಯ್ತದೆ? ಇಲಿ ತಿಂದಿರ್ಬೇಕು" ಎಂದು ಸರ್ವಮಂಗಳಮ್ಮ ಕೆಳಗಿನಿಂದ ಕೂಗಿದರು.

"ಬೇರೆ ಒಂದ್ ಕಾಗ್ದಾನೂ ಮುಟ್ಟಿಲ್ವಲ್ಲಮ್ಮ ನಿನ್ ಇಲಿ?"

ಇಲಿಗೆ ವಿಚ್ಛೇದನವೇ ಯಾಕೆ ರುಚಿಸಿತು ಎಂಬುದನ್ನು ಸರ್ವಮಂಗಳಮ್ಮ ಇಲಿಗೇ ಬಿಟ್ಟು ಒಳಗೆ ಹೋದರು. ಯಜಮಾನರು ಕರಿಬಸವಯ್ಯನವರು ಗುಬ್ಬಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅವರಿಗೊಂದು ಫೋನು ಮಾಡೋಣ ಎಂದು ತಾಯಿಗೂ ತೋಚಲಿಲ್ಲ, ಮಗಳಿಗೂ ತೋಚಲಿಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯನನ್ನು ಕೇಳುವುದೇನು?

ಸಂಜೆ ದಾಕ್ಷಾಯಣಿ ಬೇರೆ ದಾರಿಯಿಲ್ಲದೆ ಕುಣಿಗಲ್‌ಗೆ ಫೋನು ಮಾಡಿದಳು. ಸೋಮಶೇಖರ್ ಪೂರ್ತಿ ಕೇಳಿಸಿಕೊಂಡ. ಗಂಡನಾಗಿದ್ದಾಗಲೂ ಅವನು ಅಷ್ಟು ತಾಳ್ಮೆಯಿಂದ ಅವಳ ಮಾತು ಕೇಳಿದ್ದಿಲ್ಲ.

"ಸೈನ್ ತಾನೆ? ಹಾಕೋಣ ಬಿಡು. ನಾಳೆ ಮನೆಗ್ ಬಾ. ಅಮ್ಮ ಇರ್ತಾರೆ, ದೊಡ್ಡಪ್ಪ ಇರ್ತಾರೆ. ಎಲ್ಲರ್ ಮುಂದೆ ಒಂದ್ ಮಾತು ಕೇಳು, ಹಾಕ್ಕೊಡ್ತೀನಿ."

"ಏನಂತ ಕೇಳ್ಬೇಕು?"

"ಬಾ. ಬಂದ್ಮೇಲೆ ಗೊತ್ತಾಯ್ತದೆ."

ದಾಕ್ಷಾಯಣಿ ಫೋನು ಕೆಳಗಿಟ್ಟಳು. ತವರಿಗೆ ಹೋಗಲು, ಸಂಬಳದಲ್ಲಿ ಒಂದು ಸೀರೆ ಕೊಳ್ಳಲು, ಜ್ವರ ಬಂದಾಗ ಮಲಗಲು ಕೂಡ ಕುಣಿಗಲ್ಲಿನ ಆ ನಡುಮನೆಯಲ್ಲಿ ನಿಂತು ಅಪ್ಪಣೆ ಕೇಳಿದ್ದವಳು ಅವಳು. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂಬ ಒಂದೇ ಆಸೆಗೆ ಮಿಕ್ಕದ್ದನ್ನೆಲ್ಲ ಬಿಟ್ಟುಕೊಟ್ಟು ಕೋರ್ಟಿನಿಂದ ಹೊರಬಂದಿದ್ದಳು. ಆದರೆ ಭೂಮಿಕಾ ಆಗಲೇ ಬ್ಯಾಗು ತುಂಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ದಾಕ್ಷಾಯಣಿ ಚಪ್ಪಲಿ ಮೆಟ್ಟುವ ಹೊತ್ತಿಗೆ ಕರಿಬಸವಯ್ಯನವರು ಗೃಹಪ್ರವೇಶದ ತಾಂಬೂಲದ ಚೀಲ ಹಿಡಿದು ಬಸ್ಸಿಳಿದು ಬಂದರು.

"ಎಲ್ಲಿಗಮ್ಮ, ಬೆಳಬೆಳಿಗ್ಗೇನೇ?"

"ಕುಣಿಗಲ್‌ಗೆ ಅಪ್ಪಾಜಿ." ಅಟ್ಟ, ಇಲಿ, ಸೋಮಶೇಖರನ ಮಾತು ಎಲ್ಲವನ್ನೂ ಹೇಳಿದಳು.

ಅವರು ಚೀಲ ಕೆಳಗಿಟ್ಟರು. "ಆ ಕಾಗ್ದಾನಾ? ನನ್ ಕೇಳ್ಬಾರ್ದಾಗಿತ್ತಾ?"

ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಕಾಲು ತೊಳೆದರು. ಹಣೆಗೆ ವಿಭೂತಿ ಧರಿಸಿದರು. ಅವಸರವೆಂಬುದು ಅವರ ಜಾತಕದಲ್ಲೇ ಇರಲಿಲ್ಲ. ತಾಯಿ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ದೇವರಮನೆಯ ಪೆಟ್ಟಿಗೆ ತೆರೆದು, ಮೇಲಿದ್ದ ದಾಕ್ಷಾಯಣಿಯ ಲಗ್ನಪತ್ರಿಕೆಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನಿಂದ ಕೋರ್ಟಿನ ಆದೇಶವನ್ನು ತೆಗೆದರು. ನಾಲ್ಕು ಮೂಲೆಗೂ ಅರಿಶಿನ ಒಣಗಿತ್ತು.

"ಅಯ್ಯೋ ಶಿವ್ನೇ! ಡೈವೋರ್ಸಿಗೆ ಯಾರಾದ್ರೂ ಅರಿಶ್ಣ ಹಚ್ತಾರೇನ್ರೀ? ಬುದ್ಧಿ ಗಿದ್ಧಿ ಇದೆಯಾ ನಿಮ್ಗೆ?" ಸರ್ವಮಂಗಳಮ್ಮನ ದನಿ ಸೂರು ಮುಟ್ಟಿತು.

"ಲಗ್ನಪತ್ರಿಕೆಗೂ ನಾನೇ ಹಚ್ಚಿದ್ದು. ಆವತ್ತು ಯಾರೂ ನನ್ ಬುದ್ಧಿ ಕೇಳ್ಲಿಲ್ಲ." ಕರಿಬಸವಯ್ಯನವರು ಕಾಗದದ ಮೇಲಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿದರು. "ಕೋರ್ಟಿಂದ ಬಂದ್ ದಿವ್ಸ ಇವ್ಳು ಎರಡು ಮುದ್ದೆ ಉಂಡ್ಲು. ಕೇಳಿ ಹಾಕಿಸ್ಕೊಂಡ್ಲು. ಮದ್ವೆ ಆದ್ಮೇಲೆ ಇಲ್ಲಿಗ್ ಬಂದಾಗೆಲ್ಲ ನೋಡ್ತಿದ್ದೆ, ಅನ್ನ ಕೆದಕಿ ಏಳ್ತಿದ್ಲು. ಎರಡು ಮುದ್ದೆ ಉಂಡ್ ದಿವ್ಸದ ಕಾಗ್ದಾನ ಸತ್ತೋರ ಜೊತೆ ಹೆಂಗಿಡ್ಲಿ? ಸಂಜೇನೇ ಇಳಿಸ್ಕಂಡ್ ಬಂದೆ."

"ನಂಗ್ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಬುಡ್ತಿದ್ಯಾ?"

ಸರ್ವಮಂಗಳಮ್ಮ ಸೀದಾ ಅಡುಗೆಮನೆಗೆ ಹೋದರು. ದಾಕ್ಷಾಯಣಿಗೆ ಆ ಮುದ್ದೆಯ ನೆನಪೇ ಇರಲಿಲ್ಲ. ಅಪ್ಪ ತನ್ನ ತಟ್ಟೆ ನೋಡುತ್ತಿದ್ದರೆಂಬುದೂ ಗೊತ್ತಿರಲಿಲ್ಲ. ಅವಳಿಗೆ ಅಳು ಬಂತು, ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತು ಅತ್ತಳು. ಆಮೇಲೆ ಫೋನು ತೆಗೆದು ಸೋಮಶೇಖರನಿಗೆ "ನಾನು ಬರೋದಿಲ್ಲ" ಎಂದಷ್ಟೇ ಬರೆದು ಕಳಿಸಿದಳು.

ಸೋಮವಾರ ಪಾಸ್‌ಪೋರ್ಟ್ ಆಫೀಸಿನ ಹೆಂಗಸು ಮೂಲೆಯ ಅರಿಶಿನವನ್ನು ಉಗುರಿನಿಂದ ಕೆರೆದು, ಮೊಹರು ನೋಡಿ, ದಾಕ್ಷಾಯಣಿಯ ಮುಖ ನೋಡಿದಳು.

"ಇದು ಮದ್ವೆದಲ್ವಲ್ಲ ಮೇಡಂ?"

"ಅಲ್ಲ."

"ಮತ್ತೆ ಅರಿಶಿನ?"

"ನಮ್ಮಪ್ಪ ಹಚ್ಚಿದ್ದು."

ಆಕೆ ಸ್ಕ್ಯಾನ್ ಮಾಡಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟಳು.

ಮುಂದಿನ ಭಾನುವಾರ ದಾಕ್ಷಾಯಣಿ ಕಾಗದವನ್ನು ಅದರ ಜಾಗಕ್ಕೆ ಸೇರಿಸಲು ಕಡಬಕ್ಕೆ ಬಂದಳು. ಸರ್ವಮಂಗಳಮ್ಮ ಜಗುಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ಏನಾಯಿತು ಎಂದರೆ ಏನಿಲ್ಲ ಅಂದರು. ದಾಕ್ಷಾಯಣಿ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಜಾತಕಗಳಿದ್ದವು, ತೋಟದ ಪತ್ರವಿತ್ತು, ಮಾರ್ಕ್ಸ್ ಕಾರ್ಡುಗಳಿದ್ದವು.

"ಅಮ್ಮಾ, ಇಲ್ಲಿ ನನ್ ಲಗ್ನಪತ್ರಿಕೆ ಇತ್ತಲ್ಲ?"

"ಅಟ್ಟದ್ ಮೇಲೈತೆ" ಎಂದು ಸರ್ವಮಂಗಳಮ್ಮ ಹೊರಗಿನಿಂದಲೇ ಹೇಳಿದರು. "ಟ್ರಂಕಿನ ತಳದಲ್ಲಿ, ಹಸೂನ್ ಇನ್ಶೂರೆನ್ಸ್ ಕೆಳಗೆ. ಇನ್ಮೇಲೆ ಏನಾದ್ರೂ ಹುಡುಕ್ಬೇಕಾದ್ರೆ ನನ್ ಕೇಳು, ನಿಮ್ಮಪ್ಪನ್ನಲ್ಲ."